ಮುಕ್ಕಾಲು ಚೀಲದ ಕಾಫಿ

ಇವತ್ತು ಬೆಳಿಗ್ಗೆ ಆರೂವರೆಗೆ ಕರೆಂಟ್ ಹೋಯಿತು. ತೀರ್ಥಹಳ್ಳಿ ಕಡೆ ಜುಲೈ ತಿಂಗಳಲ್ಲಿ ಅದೇನು ಸುದ್ದಿಯಲ್ಲ, ಎಲ್ಲೋ ಲೈನಿನ ಮೇಲೆ ಕೊಂಬೆ ಬಿದ್ದಿರುತ್ತದೆ. ಆದರೆ ಮಷೀನಿನಲ್ಲಿ ನನ್ನ ಎಸ್ಪ್ರೆಸೊ (ಒತ್ತಡ ಹಾಕಿ ಇಳಿಸುವ ಗಟ್ಟಿ ಕಾಫಿ) ಇಳಿಯುತ್ತಿದ್ದ 14ನೇ ಸೆಕೆಂಡಿಗೇ ಹೋಗಬೇಕಾ? 18 ಗ್ರಾಂ ಪುಡಿ, 9 ಬಾರ್ ಒತ್ತಡ, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ. ಇದು ಲೆಕ್ಕ. ನನಗೆ ಸಿಕ್ಕಿದ್ದು ಕಪ್ಪಿನ ತಳದಲ್ಲಿ ಒಂದು ಚಮಚ ಡಾಂಬರು. ಯುಪಿಎಸ್‌ಗೆ ಹಾಕೋಣವೆಂದರೆ ಮಷೀನು 1,350 ವ್ಯಾಟ್. ಹೋದ ವಾರ ಹಾಕಿ ನೋಡಿದ್ದೆ. ಯುಪಿಎಸ್ ಒಮ್ಮೆ ಕಿರುಚಿ ಮನೆಯಿಡೀ ಕತ್ತಲು ಮಾಡಿತು.

ಅಪ್ಪಯ್ಯ ಕಪ್ಪಿನೊಳಗೆ ಇಣುಕಿದರು. "ಇಷ್ಟಕ್ಕೆ ಮುಕ್ಕಾಲು ಚೀಲ ಹೋಯ್ತಲ್ಲ ಮಾರಾಯ."

ನಮ್ಮ ಅಪ್ಪಯ್ಯನ ಲೆಕ್ಕ ರೂಪಾಯಿಯಲ್ಲಿ ನಡೆಯುವುದಿಲ್ಲ, ಅಡಿಕೆಯಲ್ಲಿ ನಡೆಯುತ್ತದೆ. ನನ್ನ ಫೋನು ಅರ್ಧ ಚೀಲ ರಾಶಿ ಇಡಿ, ಅಂದರೆ ಕೆಂಪಡಿಕೆಯ ಒಂದು ಬಗೆ. ತಂಗಿಯ ಇಂಜಿನಿಯರಿಂಗ್ 22 ಚೀಲ. ಮಷೀನು ಮುಕ್ಕಾಲು ಚೀಲ. ಅದು ಬಂದ ಮೇಲೆ ಗೊತ್ತಾಯಿತು, ಮೊದಲು ತಗೊಳ್ಳಬೇಕಾಗಿದ್ದು ಗ್ರೈಂಡರ್ ಅಂತ. ನಾನು ಬೀಜವನ್ನು ಮಿಕ್ಸಿಗೆ ಹಾಕಿದ್ದೆ. ಮಿಕ್ಸಿಯಲ್ಲಿ ಅರ್ಧ ಹಿಟ್ಟು, ಅರ್ಧ ನುಚ್ಚು. ನೀರು ಸಂದು ಹುಡುಕಿಕೊಂಡು 9 ಸೆಕೆಂಡಿಗೆ ಓಡಿಬಂತು, ಹುಳಿಹುಳಿ. ಸರಿ, ಕೈಯಲ್ಲಿ ತಿರುಗಿಸುವ ಗ್ರೈಂಡರ್ ತರಿಸಿದೆ. ಇನ್ನೂ ಕಾಲು ಚೀಲ. "ಹಾಂ, ಈಗ ಚೀಲ ತುಂಬ್ತು" ಎಂದರು ಅಪ್ಪಯ್ಯ. ನಾನು ಬೆವರುತ್ತಾ ತಿರುಗಿಸುವುದನ್ನು ನೋಡಿ ಅಮ್ಮ, "ಒರಳು ಕೊಟ್ಟಿಗೆ ಹತ್ರ ಸುಮ್ನೆ ಬಿದ್ದಿದೆ ಕಣೋ" ಎಂದಳು.

ತಕ್ಕಡಿಯದ್ದು ಬೇರೆಯೇ ಕತೆ. 0.1 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ. ಮೊನ್ನೆ ಹುಡುಕಿ ಹುಡುಕಿ ಸಾಕಾಗಿ ಜಗಲಿಗೆ ಬಂದರೆ ಅಪ್ಪಯ್ಯ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅದರ ಮೇಲೆ ಒಂದೊಂದೇ ಅಡಿಕೆ ಇಡುತ್ತಿದ್ದರು. ಒಂದು ಇಟ್ಟರು. ತೆಗೆದರು. ಮತ್ತೊಂದು ಇಟ್ಟರು. ಮೂರನೆಯದನ್ನು ಉಫ್ ಅಂತ ಊದಿ ಇಟ್ಟರು, ಧೂಳಿನ ತೂಕ ಬರಬಾರದಲ್ಲ! ಆಮೇಲೆ ಮೂರನ್ನೂ ಒಟ್ಟಿಗೆ ಇಟ್ಟು ತಲೆಯೆತ್ತಿದರು. "ನೋಡು, ನಿನ್ನ ಒಂದು ಲೋಟಕ್ಕೆ ಮೂರು ಅಡಿಕೆ ತೂಕದ ಪುಡಿ. ಅಷ್ಟು ಹಾಕಿದ್ರೆ ನಿನ್ನಮ್ಮ ಮನೆಮಂದಿಗೆಲ್ಲ ಕಾಫಿ ಮಾಡ್ತಾಳೆ." ನಾನು ಲೋಟ ಅಲ್ಲ, ಕಪ್ಪು ಎಂದೆ. "ಅದು ಇನ್ನೂ ಸಣ್ಣದು" ಎಂದರು.

1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟಿಗೆ ಹಾಕಿದ ಮಷೀನು ಹಬೆಯ ಒತ್ತಡದಲ್ಲೇ ಕಾಫಿ ಇಳಿಸುತ್ತಿತ್ತು. ಅಂಥದ್ದು ಸಿಕ್ಕಿದ್ದರೆ ಕರೆಂಟ್ ಇಲ್ಲದಾಗ ಬಚ್ಚಲ ಒಲೆಯ ಮೇಲಾದರೂ ಇಡಬಹುದಿತ್ತು.

ಅಜ್ಜಿ ಹಿತ್ತಲಿನ ನಾಲ್ಕು ಗಿಡದ ಬೀಜವನ್ನು ಬಾಣಲೆಯಲ್ಲಿ ಹುರಿಯುತ್ತಿದ್ದಳು. ಟೈಮರಿಲ್ಲ, ತಕ್ಕಡಿಯಿಲ್ಲ. ಚಟಪಟ ಸದ್ದು ಕೇಳಿ, ವಾಸನೆ ನೋಡಿ ಇಳಿಸುತ್ತಿದ್ದಳು. ಡಿಕಾಕ್ಷನ್ ಸೋಸುವ ಬಟ್ಟೆ ಒಲೆಯ ಪಕ್ಕ ಮೊಳೆಗೆ ನೇತಾಡುತ್ತಿತ್ತು. ಮೊಳೆ ಈಗಲೂ ಇದೆ. ಅದಕ್ಕೆ ನನ್ನ ಮಷೀನಿನ ಸ್ಟೆಬಿಲೈಸರ್ ವೈರು ಸಿಕ್ಕಿಸಿದ್ದೇವೆ.

ಎಂಟಕ್ಕೆ ಕರೆಂಟ್ ಬಂತು. ಮಳೆಗೆ ಬೀಜ ತಂಡಿ ಹಿಡಿದಿತ್ತು, ಗ್ರೈಂಡರ್ ಒಂದು ಗೆರೆ ಆಚೀಚೆ ಮಾಡಿದೆ. 28 ಸೆಕೆಂಡಿಗೆ ಸರಿಯಾಗಿ, ಜೇನಿನ ಹಾಗೆ ಇಳಿಯಿತು. ಮೇಲೆ ಹೊಂಬಣ್ಣದ ನೊರೆ. ಫೋಟೊ ತೆಗೆಯಲು ಫೋನ್ ತರುವಷ್ಟರಲ್ಲಿ ಅಪ್ಪಯ್ಯ ಅದನ್ನು ದೊಡ್ಡ ಲೋಟಕ್ಕೆ ಬಗ್ಗಿಸಿ, ಬಿಸಿ ಹಾಲು ತುಂಬಿಸಿ, ಬೆಲ್ಲ ಹಾಕಿ ಕದಡುತ್ತಿದ್ದರು.

"ಇವತ್ತು ಅಡ್ಡಿಲ್ಲ. ಇನ್ನೊಂದು ಮಾಡು, ನೀನೂ ಕುಡಿ."

ಮಾಡೋಣವೆಂದರೆ ತಕ್ಕಡಿ ಮತ್ತೆ ಕಾಣೆ.