ಬೇಲಿಯ ಕತ್ತಾಳೆ ಲೋಳೆಸರವಲ್ಲ, ಮುಖಕ್ಕೆ ಹಚ್ಚಬೇಡಿ

"ಕತ್ತಾಳೆಯೂ ಲೋಳೆಸರವೂ ಒಂದೇ, ರಸ ಮುಖಕ್ಕೆ ಒಳ್ಳೆಯದು" ಎಂಬ ಸಂದೇಶ ನಮ್ಮ ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಪೂರಾ ತಪ್ಪು. ಕತ್ತಾಳೆ ಮೆಕ್ಸಿಕೋ ಕಡೆಯ ಗಿಡ, ಲೋಳೆಸರ ಅರಬ್ಬರ ನಾಡಿನದು. ಕತ್ತಾಳೆ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ತಾಗಿದರೆ ಉರಿ, ತುರಿಕೆ, ಕೆಲವರಿಗೆ ಗುಳ್ಳೆಯೂ ಏಳುತ್ತದೆ. ಬೇಲಿ ಸವರುವಾಗ ನನ್ನ ಮೊಣಕೈಗೆ ನಾಲ್ಕು ಹನಿ ಸಿಡಿದದ್ದಕ್ಕೇ ಎರಡು ದಿನ ಉರಿದಿತ್ತು. ಮಕ್ಕಳ ಕೆನ್ನೆಗೆ ಹಚ್ಚಿದರೆ ಏನು ಗತಿ?

ಗುರುತು ಹೇಳುತ್ತೇನೆ: ಬೇಲಿಯ ಕತ್ತಾಳೆಯ ಎಲೆತುದಿಯಲ್ಲಿ ದಬ್ಬಣದಂಥ ಗಟ್ಟಿ ಮುಳ್ಳು, ಒಳಗೆ ಹಗ್ಗ ಹೊಸೆಯುವ ನಾರು. ಲೋಳೆಸರದ ತುದಿ ಮೆತ್ತಗೆ, ಒಳಗೆ ತಿಳಿ ಲೋಳೆ, ನಾರಿಲ್ಲ. ಕತ್ತಾಳೆ ಒಮ್ಮೆ ಹೂಬಿಟ್ಟು ಸಾಯುತ್ತದೆ, ಲೋಳೆಸರ ಮತ್ತೆ ಮತ್ತೆ ಹೂಬಿಡುತ್ತದೆ. ರಸ ತಾಗಿದ್ದರೆ ಕೂಡಲೇ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ನೀರಲ್ಲಿ ಚೆನ್ನಾಗಿ ತೊಳೆದು ಡಾಕ್ಟರ ಬಳಿ ಹೋಗಿ.