ಪರೀಕ್ಷೆಯಲ್ಲಿ ಜನರೇಟರ್ ಕೈಕೊಟ್ಟರೆ ರಿಯಾಕ್ಟರ್ ಸ್ಫೋಟವೇ?

ಅಣುಸ್ಥಾವರದ ತುರ್ತು ಜನರೇಟರ್ ಪರೀಕ್ಷೆಯಲ್ಲೇ ಕೆಟ್ಟಿತು, ಇನ್ನು ದುರಂತ ಖಚಿತ ಎಂಬ ಸಂದೇಶ ಆಗಾಗ ಮೊಬೈಲಿಗೆ ಬರುತ್ತಿರುತ್ತದೆ. ಓದಿದವರಿಗೆ ದಿಗಿಲಾಗುವುದು ಸಹಜ. ತಮ್ಮವರ ಮೇಲಿನ ಕಾಳಜಿಯಿಂದಲೇ ಎಷ್ಟೋ ಮಂದಿ ಅದನ್ನು ಮುಂದೆ ಕಳಿಸುತ್ತಾರೆ. ಆದರೆ ಆ ತೀರ್ಮಾನ ತಪ್ಪು.

ಇಂಥ ಪರೀಕ್ಷೆಯ ಹೊತ್ತಿನಲ್ಲಿ ಸ್ಥಾವರಕ್ಕೆ ಗ್ರಿಡ್‌ನ, ಅಂದರೆ ಹೊರಗಿನ ವಿದ್ಯುತ್ ಜಾಲದ, ವಿದ್ಯುತ್ ಸಾಮಾನ್ಯವಾಗಿ ಬರುತ್ತಲೇ ಇರುತ್ತದೆ. ರಿಯಾಕ್ಟರ್ ತಣ್ಣಗಿಡುವ ಪಂಪುಗಳಿಗೆ ತುರ್ತಿನ ಡೀಸೆಲ್ ಜನರೇಟರ್ ಬೇಕಾಗುವುದು ಆ ವಿದ್ಯುತ್ ಕಡಿತವಾದಾಗ. ಅನೇಕ ಸ್ಥಾವರಗಳಲ್ಲಿ ಜನರೇಟರ್ ಸುಮಾರು 10 ಸೆಕೆಂಡಿನಲ್ಲಿ ಪೂರ್ಣ ವೇಗ ಹಿಡಿಯಬೇಕು. ಅದಕ್ಕಾಗಿಯೇ ಎಂಜಿನ್ನಿನ ಎಣ್ಣೆ, ನೀರನ್ನು ಸದಾ ಬೆಚ್ಚಗಿಟ್ಟಿರುತ್ತಾರೆ. ಸಾಮಾನ್ಯವಾಗಿ ತಿಂಗಳಿಗೊಮ್ಮೆ ಓಡಿಸಿ ನೋಡುವುದೇ ದೋಷ ಹಿಡಿಯಲು. ಒಂದು ನಿಂತರೆ ಇನ್ನೊಂದಿರುತ್ತದೆ, ಜೊತೆಗೆ ಬ್ಯಾಟರಿಗಳು. ಗಡುವಿನೊಳಗೆ ದುರಸ್ತಿಯಾಗದಿದ್ದರೆ ರಿಯಾಕ್ಟರ್ ಅನ್ನೇ ನಿಲ್ಲಿಸಬೇಕಾಗುತ್ತದೆ.

ಹಾಗೆಂದು ಇದನ್ನು ಹಗುರವಾಗಿ ನೋಡಬಾರದು. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಭೂಕಂಪದಿಂದ ಗ್ರಿಡ್ ಕಡಿದುಹೋಯಿತು, ಆಮೇಲೆ ಸುನಾಮಿಯ ನೀರು ನುಗ್ಗಿ ಬಹುತೇಕ ಜನರೇಟರ್‌ಗಳು ನಿಂತವು. ಅಪಾಯವಾದದ್ದು ಎರಡೂ ಒಟ್ಟಿಗೆ ಹೋದದ್ದರಿಂದ.

ಸಂದೇಶ ಬಂದಾಗ ಸ್ಥಾವರದ ಹೆಸರು, ದಿನಾಂಕ ಇದೆಯೇ ನೋಡಿ. ಇದ್ದರೆ ಆ ದೇಶದ ಪರಮಾಣು ನಿಯಂತ್ರಣ ಸಂಸ್ಥೆಯ ಜಾಲತಾಣದಲ್ಲಿ ಘಟನಾ ವರದಿ ಹುಡುಕಿ. ಗ್ರಿಡ್ ಇತ್ತೇ, ಉಳಿದ ಜನರೇಟರ್‌ಗಳು ಸರಿಯಿದ್ದವೇ, ಘಟನೆಯ ಗಂಭೀರತೆ ಅಳೆಯುವ 0ಯಿಂದ 7ರವರೆಗಿನ ಅಂತರರಾಷ್ಟ್ರೀಯ ಮಾಪನದಲ್ಲಿ ಎಷ್ಟನೇ ಹಂತ ಎಂಬುದನ್ನು ಸಾಮಾನ್ಯವಾಗಿ ಅಲ್ಲೇ ಓದಬಹುದು.