ಎಲ್ಲರೂ ಲೀಡರ್ರೇ ಆದ್ರೆ ಮಣ್ಣು ಹೊತ್ತೋರ್ಯಾರು?

ಕ್ಯಾಂಪಸ್ ಇಂಟರ್ವ್ಯೂ ಹತ್ರ ಬಂತು ಅಂದ್ರೆ ನಮ್ಮ ಹುಡುಗ್ರೆಲ್ಲ ಇದ್ದಕ್ಕಿದ್ದಂಗೆ ಸಮಾಜ ಸೇವಕರಾಗಿಬಿಡ್ತಾರೆ. ರೆಸ್ಯೂಮೆಯ ಕೊನೇಲಿ, ಹಾಬೀಸ್‌ಗಿಂತ ಸ್ವಲ್ಪ ಮೇಲೆ, ಒಂದಿಷ್ಟು ಜಾಗ ಖಾಲಿ ಉಳಿದಿರತ್ತಲ್ಲ, ಅದಕ್ಕೆ ಏನಾದ್ರೂ ತುಂಬ್ಬೇಕು. ಆಗ ನೆನಪಾಗೋದೇ ಎನ್ನೆಸ್ಸೆಸ್ಸು, ಅಂದ್ರೆ ಕಾಲೇಜು ಹುಡುಗ್ರ ರಾಷ್ಟ್ರೀಯ ಸೇವಾ ಯೋಜನೆ. ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ, 37 ಯೂನಿವರ್ಸಿಟಿಗಳಲ್ಲಿ ಶುರುವಾಗಿದ್ದು ಅದು, 'ನನಗಲ್ಲ, ನಿನಗೆ' ಅನ್ನೋದು ಧ್ಯೇಯವಾಕ್ಯ. ರೆಸ್ಯೂಮೆಗೆ ಬಂದ್ಮೇಲೆ ಮಾತ್ರ ಪೂರ್ತಿ ನನಗೇ.

ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಯಾವ್ದಾದ್ರೂ ಹಳ್ಳೀಲಿ 7 ದಿನದ ಕ್ಯಾಂಪು. ಅಲ್ಲಿ ಆಗೋದೇನು, ಶಾಲೆ ಗೋಡೆಗೆ ಸುಣ್ಣ ಬಳಿಯೋದು, ಚರಂಡಿ ಹೂಳೆತ್ತೋದು, ಅಂಗೈ ತುಂಬ ಬೊಬ್ಬೆ, ಜಗಲಿ ಮೇಲೆ ಕೂತ ಅಜ್ಜಿ ಬೇರೆ "ಏನ್ ಮಗಾ, ಗುದ್ಲಿ ಹಿಡಿಯಕ್ಕೂ ಬರಲ್ವಾ" ಅಂತ ನಗೋದು. ಇದೇ ರೆಸ್ಯೂಮೇಲಿ 'ಲೆಡ್ ಎ ರೂರಲ್ ಡೆವಲಪ್‌ಮೆಂಟ್ ಇನಿಶಿಯೇಟಿವ್' ಆಗಿರತ್ತೆ! ಒಂದೇ ಕ್ಯಾಂಪಿಗೆ ಹೋದ ಅಷ್ಟೂ ಜನ ಲೀಡರ್ರು ಅಂದ್ರೆ ಎಚ್ಆರ್ ಮೇಡಂ ನಂಬ್ಬೇಕಲ್ಲ ಪಾಪ. ನನ್ ಕೇಳಿದ್ರೆ 'ಚರಂಡಿ ಹೂಳೆತ್ತಿದ್ವಿ, ಸಾಮಾನಿನ ಲೆಕ್ಕ ನಾನಿಟ್ಟಿದ್ದೆ' ಅಂತ ಬರೆದ್ರೇನೇ ತೂಕ ಜಾಸ್ತಿ.

ಇನ್ನು ಕೆಲವರು ಮಾಡಿದ ಸೇವೆನ ರೆಸ್ಯೂಮೇಲಿ ಬರೆಯೋದೇ ಇಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡೋ ಹುಡುಗಿಯರನ್ನ ನೋಡಿದೀನಿ. ಪ್ರಶ್ನೆ ಓದಿ ಹೇಳ್ಬೇಕು, ಅವ್ರು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು, ಉತ್ತರ ತಪ್ಪು ಅಂತ ಗೊತ್ತಿದ್ರೂ ಪೆನ್ನು ಆ ಕಡೆ ಈ ಕಡೆ ವಾಲೋ ಹಾಗಿಲ್ಲ, ಮುಖದಲ್ಲೂ ದನೀಲೂ ಏನೂ ತೋರಿಸೋ ಹಾಗಿಲ್ಲ, ಮೂರು ತಾಸಿನ ಪೇಪರ್ರಿಗೆ ಹೆಚ್ಚುವರಿ ಸಮಯನೂ ಸೇರಿದ್ರೆ ನಾಲ್ಕು ತಾಸು ಹಿಂಗೇ ಕೂರ್ಬೇಕು. ಯಾವ ಆಫೀಸಿಗೆ ಬೇಡ ಹೇಳಿ ಈ ಗುಣ? ಕೇಳಿದ್ರೆ "ಅಯ್ಯೋ ಅದೇನ್ ದೊಡ್ಡ ವಿಷ್ಯ ಅಂತ ಹಾಕ್ಲಿ ಅಣ್ಣ" ಅಂತಾರೆ.

ಊರ ಜಾತ್ರೇಲಿ ಅನ್ನಸಂತರ್ಪಣೆಗೆ ಬಡಿಸೋರ ಕಥೆನೂ ಇದೇ. ಹಿಂದಿನ ಪಂಕ್ತಿ ಏಳೋ ಹೊತ್ತಿಗೆ ಮುಂದಿನೋರು ಬೆನ್ನ ಹಿಂದೆ ನಿಂತಿರ್ತಾರೆ, ಕೈಯಲ್ಲಿ ಕುದಿಯೋ ಸಾರಿನ ಬಕೆಟ್ಟು, ಕಾಲ್ಕೆಳಗೆ ಜಾರೋ ನೆಲ, ಪಲ್ಯ ಕೊನೇ ಎಲೆವರೆಗೂ ಬರೋ ಹಾಗೆ ಸೌಟು ಅಂದಾಜು ಮಾಡ್ಬೇಕು. ಇದನ್ನ ಹಾಕೋ ಅಂತ ನಮ್ಮ ಚಿಕ್ಕಪ್ಪನ ಮಗನಿಗೆ ಹೇಳಿದ್ದಕ್ಕೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಸರ್ಟಿಫಿಕೇಟ್ ಯಾರ್ ಕೊಡ್ತಾರೆ, ಅಡುಗೆ ಭಟ್ರಾ?"